ತಗಡಿನ ಮಾಡಿನೊಳಗೆ ಜಿಪಿಎಸ್

ಬೈತಖೋಲ ಬಂದರಿನ ಹತ್ರ ಬೋಟಿನ ಜಿಪಿಎಸ್ ಸೆಟ್ ರಿಪೇರಿ ಮಾಡೋ ದೋಸ್ತನ ಅಂಗಡಿಗೆ ತಗಡಿನ ಮಾಡು, ಒಳಗೆ ಜಿಪಿಎಸ್ ಸಿಗ್ನಲ್ಲೇ ಸಿಗಲ್ಲ, ಕಾರವಾರದ ಮಳೆಲಿ ಪ್ರತಿ ಸೆಟ್ಟನ್ನೂ ಹೊರಗೆ ಒಯ್ದು ಟೆಸ್ಟ್ ಮಾಡೋದು ಕರ್ಮ ಮಾರಾಯ್ರೆ. ಅದಕ್ಕೇ ರಿಪೀಟರ್: ಮಾಡಿನ ಮೇಲೊಂದು ಆಂಟೆನಾ, ಕೇಬಲ್, ಆಂಪ್ಲಿಫೈಯರ್, ಒಳಗಿನ್ನೊಂದು ಆಂಟೆನಾ. ಸುಮಾರು 20,200 ಕಿ.ಮೀ. ಮೇಲಿರೋ ಉಪಗ್ರಹಗಳಿಂದ 1575.42 ಮೆಗಾಹರ್ಟ್ಝ್‌ನಲ್ಲಿ ಬರೋ ಸಿಗ್ನಲ್ಲನ್ನೇ ಒಳಗೆ ಮತ್ತೆ ಬಿಡತ್ತೆ.

ಮಜಾ ಏನಂದ್ರೆ ಸೆಟ್ಟನ್ನ ಯಾವ ಮೂಲೆಲಿಟ್ರೂ ಅದು ತೋರ್ಸೋದು ಮೇಲಿನ ಆಂಟೆನಾ ಇರೋ ಜಾಗನೇ, ಯಾಕಂದ್ರೆ ಕೇಬಲ್‌ನಲ್ಲಾಗೋ ತಡ ಎಲ್ಲಾ ಉಪಗ್ರಹಕ್ಕೂ ಒಂದೇ ಸಮ, ರಿಸೀವರ್ ಅದನ್ನ ತನ್ನ ಗಡಿಯಾರದ ತಪ್ಪು ಅಂತ ತಿಳ್ಕೊಳತ್ತೆ. ಟೆಸ್ಟಿಂಗಿಗೆ ಸಾಕು, ಮಾಲ್ ಒಳಗೆ ಅಂಗಡಿ ಹುಡ್ಕೋಕೆ ಉಪಯೋಗ ಇಲ್ಲ.

ಗೇನ್ (ಆಂಪ್ಲಿಫೈಯರ್ ಸಿಗ್ನಲ್ಲನ್ನ ಹೆಚ್ಚಿಸೋ ಪ್ರಮಾಣ) ಜಾಸ್ತಿಯಾದ್ರೆ ಒಳಗಿನ ಸಿಗ್ನಲ್ ಮೇಲಿನ ಆಂಟೆನಾಗೆ ವಾಪಸ್ ಹೊಕ್ಕಿ ಜಾತ್ರೆ ಮೈಕ್ ಕುಂಯ್ಗುಟ್ಟಿದಂಗೆ ಆಗತ್ತೆ, ಪಕ್ಕದವ್ರ ಜಿಪಿಎಸ್ಸೂ ಕೆಡಬೋದು. ಹಾಗಾಗಿ ಲೈಸೆನ್ಸ್ ವಿಷ್ಯ ಮೊದ್ಲೇ ವಿಚಾರಿಸಿ ಅಂದೆ.