ಕಾಫಿ ಹೂವಿನ ಅಂಡಾಶಯ ಎಲ್ಲಿದೆ?

ಕೊಡಗಿನ ಪೊನ್ನಂಪೇಟೆಯ ಸಮೀಪದ ನಮ್ಮ ಪ್ರೌಢಶಾಲೆಯಲ್ಲಿ ಜೀವವಿಜ್ಞಾನ ಕಲಿಸುತ್ತಿದ್ದ ಮೇಷ್ಟ್ರು ಪಾಠ ಓದಿಸುವುದಕ್ಕೆ ಮೊದಲೇ ಚಿತ್ರ ಬರೆಸುತ್ತಿದ್ದರು. ಅವರ ಪ್ರಕಾರ ಪಠ್ಯಪುಸ್ತಕದ ಚಿತ್ರವನ್ನು ರೆಕಾರ್ಡ್ ಪುಸ್ತಕಕ್ಕೆ ಇಳಿಸಿಕೊಳ್ಳುವುದು ಕೈಬರಹದ ಅಭ್ಯಾಸವೇ ಹೊರತು ವಿಜ್ಞಾನವಲ್ಲ. ಆ ಮಾತು ಕೊಂಚ ಕಟುವೆಂದು ಆಗ ಅನ್ನಿಸಿದ್ದರೂ ಈಗ ನನಗೆ ಅದರಲ್ಲಿ ತಕರಾರಿಲ್ಲ.

ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ವಾರ, ಹತ್ತು ದಿನಗಳಲ್ಲಿ ತೋಟಗಳೆಲ್ಲ ಬೆಳ್ಳಗಾದಾಗ ಅವರು ನಮ್ಮಿಂದ ಕಾಫಿ ಹೂವನ್ನೇ ತರಿಸಿ, ಬ್ಲೇಡಿನಿಂದ ಉದ್ದಕ್ಕೆ ಸೀಳಿಸಿ, ಕಂಡದ್ದನ್ನು ಮಾತ್ರ ಬರೆಯಲು ಹೇಳಿದರು. ಹೂವಿನಲ್ಲಿ ಕೇಸರಗಳಿವೆ ಎಂದು ವಾಕ್ಯದಲ್ಲಿ ಬರೆದು ಮುಂದೆ ಹೋಗಬಹುದು. ಚಿತ್ರದಲ್ಲಾದರೆ ಅವು ಎಲ್ಲಿಂದ ಹೊರಟಿವೆ ಎಂಬುದನ್ನು ತೀರ್ಮಾನಿಸದೆ ಗೆರೆ ಎಳೆಯಲಾಗದು. ಹಾಗಾಗಿ ಮತ್ತೆ ಹೂವಿನತ್ತ ಬಗ್ಗಿದಾಗ, ಎಸಳುಗಳು ಕೆಳಗೆ ಒಂದಾಗಿ ಕೊಳವೆಯಾಗಿರುವುದೂ, ಕೇಸರಗಳು ಆ ಕೊಳವೆಯ ಬಾಯಲ್ಲಿ ಎಸಳುಗಳ ನಡುವೆ ಅಂಟಿಕೊಂಡಿರುವುದೂ ಕಾಣಿಸಿತು. ಇನ್ನು ಅಂಡಾಶಯ: ಪಠ್ಯದಲ್ಲಿದ್ದ ದಾಸವಾಳದಲ್ಲಿ ಅದು ಎಸಳುಗಳು ಹೊರಡುವ ಜಾಗಕ್ಕಿಂತ ಮೇಲಿದ್ದರೆ, ಕಾಫಿಯಲ್ಲಿ ಕೆಳಗೆ, ತೊಟ್ಟಿನ ಬದಿಯಲ್ಲಿತ್ತು.

ಈ ವ್ಯತ್ಯಾಸದಿಂದ ಏನಾಗುತ್ತದೆ ಎಂಬುದಕ್ಕೆ ಮೇಷ್ಟ್ರು ಉತ್ತರ ಹೇಳದೆ, ಪಕ್ಕದಲ್ಲಿ ಕಾಫಿ ಹಣ್ಣನ್ನೂ ಬದನೆಕಾಯಿಯನ್ನೂ ಬರೆಯಿರಿ ಎಂದರು. ಬದನೆಯ ತೊಟ್ಟಿನ ಕಡೆಯಲ್ಲೇ ಹಸಿರು ಟೋಪಿ ಉಳಿದಿರುತ್ತದೆ, ಏಕೆಂದರೆ ಅದರ ಅಂಡಾಶಯ ಆ ಟೋಪಿಯಾಗಿ ಉಳಿಯುವ ಹಸಿರು ಪುಷ್ಪಪತ್ರಗಳಿಗಿಂತ ಮೇಲಿದ್ದು ಬೆಳೆದದ್ದು. ಕಾಫಿ ಹಣ್ಣಿನಲ್ಲಾದರೋ ಅಂಡಾಶಯ ಎಸಳುಗಳಿಗಿಂತ ಕೆಳಗಿದ್ದು ಬೆಳೆದದ್ದರಿಂದ ಹೂ ಉದುರಿದ ದುಂಡನೆಯ ಗುರುತು ತೊಟ್ಟಿನ ಎದುರು ತುದಿಯಲ್ಲಿದೆ. ಹುಟ್ಟಿದಂದಿನಿಂದ ಕಾಫಿ ಕುಯ್ಲು ನೋಡಿದ್ದ ನಮ್ಮಲ್ಲಿ ಯಾರೊಬ್ಬರೂ ಆ ಗುರುತು ಅಲ್ಲೇಕಿದೆ ಎಂದು ಕೇಳಿಕೊಂಡಿರಲಿಲ್ಲ. ಅದೇ ಹಣ್ಣನ್ನು ಅಡ್ಡಕ್ಕೆ ಕೊಯ್ದು ಬರೆದಾಗ ಎರಡು ಬೀಜಗಳ ಚಪ್ಪಟೆ ಮೈ ಒಂದಕ್ಕೊಂದು ಮುಖ ಮಾಡಿರುವುದು ತಿಳಿಯಿತು. ಬೀಜವಾಗಬೇಕಾದ ಎರಡು ಅಂಡಕಗಳಲ್ಲಿ ಒಂದೇ ಬೆಳೆದರೆ ಒತ್ತುವ ಜೊತೆಗಾರನಿಲ್ಲದೆ ಬೀಜ ದುಂಡಗಾಗುತ್ತದೆ, ಅದೇ ಪೀಬೆರಿ ಎಂಬುದನ್ನು ಬಾಯಿಪಾಠ ಮಾಡಬೇಕಾಗಲಿಲ್ಲ.

ಅಂದದ ಚಿತ್ರಕ್ಕೆ ಅವರು ಹೆಚ್ಚು ಅಂಕ ಕೊಡುತ್ತಿರಲಿಲ್ಲ, ಇದರಿಂದ ಚಿತ್ರಕಲೆಯಲ್ಲಿ ಜಾಣರಾಗಿದ್ದ ಕೆಲವರಿಗೆ ಬೇಸರವೂ ಇತ್ತು. ಅವರು ನೋಡುತ್ತಿದ್ದುದು ಗೆರೆಗಳು ಎಲ್ಲಿ ಕೂಡುತ್ತವೆ ಎಂಬುದನ್ನು. ಹೃದಯದ ಚಿತ್ರದಲ್ಲಿ ಶ್ವಾಸಕೋಶದಿಂದ ಬರುವ ರಕ್ತನಾಳವನ್ನು ಎಡ ಹೃತ್ಕರ್ಣದ ಬದಲು ಬಲ ಹೃತ್ಕರ್ಣಕ್ಕೆ ಸೇರಿಸಿದವನಿಗೆ ಏನು ಅರ್ಥವಾಗಿಲ್ಲ ಎಂಬುದು ಒಂದೇ ನೋಟಕ್ಕೆ ಅವರಿಗೆ ಗೊತ್ತಾಗುತ್ತಿತ್ತು.

ಮುಂದೆ ಪದವಿ ತರಗತಿಯಲ್ಲಿ ನರಕೋಶಗಳ ಪಾಠ ಬಂದಾಗ ಈ ಕ್ರಮದ ಬೆಲೆ ಇನ್ನಷ್ಟು ತಿಳಿಯಿತು. 1906ರಲ್ಲಿ ನೊಬೆಲ್ ಪ್ರಶಸ್ತಿ ಹಂಚಿಕೊಂಡ ವಿಜ್ಞಾನಿಗಳಾದ ಗಾಲ್ಜಿ ಮತ್ತು ಕಹಾಲ್ ಇಬ್ಬರೂ, ನರಕೋಶಗಳು ಸೂಕ್ಷ್ಮದರ್ಶಕದಲ್ಲಿ ಕಾಣುವಂತೆ ಅವಕ್ಕೆ ಬಣ್ಣ ಹಿಡಿಸಲು ಗಾಲ್ಜಿಯೇ ಕಂಡುಹಿಡಿದ ವಿಧಾನವನ್ನು ಬಳಸಿದ್ದರು. ಗಾಲ್ಜಿಗೆ ನರಮಂಡಲ ಒಂದೇ ಹೆಣೆದ ಬಲೆಯಾಗಿ ಕಂಡಿತ್ತು. ಕಹಾಲ್ ಮಾತ್ರ ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನು ಬರೆದ ಚಿತ್ರಗಳಲ್ಲಿ ಪ್ರತಿ ನರಕೋಶದ ಕವಲು ಎಲ್ಲಿ ಮುಗಿಯುತ್ತದೆ ಎಂಬುದನ್ನು ತೋರಿಸಿ, ಅವು ಬಿಡಿಬಿಡಿಯಾದ ಕೋಶಗಳೆಂದು ವಾದಿಸಿದ್ದರು.

ನಮ್ಮ ಶಾಲೆಯಲ್ಲಿ ಈಗ ಪ್ರೊಜೆಕ್ಟರ್ ಇದೆಯೆಂದು ಕೇಳಿದೆ, ಸಂತೋಷ. ಅದರ ಪರದೆಯ ಮೇಲೆ ಹೂವಿನ ಸೀಳುನೋಟವನ್ನು ತೋರಿಸುವುದಕ್ಕೆ ಮೊದಲು ಮಕ್ಕಳ ಕೈಗೆ ಒಂದು ಬ್ಲೇಡು, ಒಂದು ಹೂವು, ಒಂದು ಖಾಲಿ ಹಾಳೆ ಕೊಡಬೇಕೆಂದು ಅಲ್ಲಿನ ಈಗಿನ ಅಧ್ಯಾಪಕರಲ್ಲಿ ವಿನಂತಿಸುತ್ತೇನೆ.