ಬಿಸಿಲೇರುವ ಮೊದಲು, ಬಿಸಿಲಿಳಿದ ಮೇಲೆ

ಬಳ್ಳಾರಿ
ಏಪ್ರಿಲ್ 13, 2025, ಭಾನುವಾರ

ಶುಕ್ರವಾರ ಸಂಜೆ ಹೋದ ತಿಂಗಳ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1 ಫೈಲ್ ಆಯಿತು. ಲೆಕ್ಕ ಬರೆಯುವವರ ತಿಂಗಳೇ ಬೇರೆ. 11ನೇ ತಾರೀಕಿಗೆ ಈ ರಿಟರ್ನ್, 20ಕ್ಕೆ ತೆರಿಗೆ ಲೆಕ್ಕ ಒಪ್ಪಿಸುವ ಜಿಎಸ್‌ಟಿಆರ್-3ಬಿ. ಇವೆರಡರ ನಡುವೆ ಸಿಗುವ ದಿನಗಳಲ್ಲೇ ನನ್ನ ಓದಿಗೂ ನಡಿಗೆಗೂ ಸ್ವಲ್ಪ ಜಾಗ ಸಿಗೋದು. ಇವತ್ತು ಅಂಥ ಭಾನುವಾರ. ಮಗನೂ ಬೇಸಿಗೆ ರಜೆ ಅಂತ ಸಿರುಗುಪ್ಪದ ಅಜ್ಜಿ ಮನೆಗೆ ಹೋಗಿದ್ದಾನೆ. ಮನೆ ಬಿಕೋ ಅನ್ನುತ್ತಿದೆ, ಆದರೆ ಬರೆಯೋಕೆ ಪುರುಸೊತ್ತು ಸಿಕ್ಕಿದೆ.

ನಾನು ಕೆಲಸ ಮಾಡುವುದು ಕೌಲ್ ಬಜಾರ್ ಕಡೆಯ ಒಂದು ಜೀನ್ಸ್ ಘಟಕದಲ್ಲಿ. ಕೆಳಗೆ ಹೊಲಿಗೆ ಮಷಿನ್‌ಗಳು, ಮೇಲೆ ನನ್ನ ಟೇಬಲ್. ಬೆಳಿಗ್ಗೆ 9.30ಕ್ಕೆ ಕೂತರೆ ಸಂಜೆ 6.30ರವರೆಗೆ ಕೂತಿದ್ದೇ. ಮನೆಗೆ ಬಂದ ಮೇಲೆ ಸಿಎಂಎ (ಕಾಸ್ಟ್ ಅಕೌಂಟೆಂಟ್ ಕೋರ್ಸ್) ಇಂಟರ್ ಓದು, ಅದೂ ಕೂತೇ. ಜೂನ್‌ನಲ್ಲಿ ಮೊದಲ ಗ್ರೂಪಿನ ಪರೀಕ್ಷೆ. ಕಾನೂನು, ಫೈನಾನ್ಷಿಯಲ್ ಅಕೌಂಟಿಂಗ್, ತೆರಿಗೆ, ಕಾಸ್ಟ್ ಅಕೌಂಟಿಂಗ್, ಹೀಗೆ ನಾಲ್ಕು ಪೇಪರ್. ಒಂದೊಂದರಲ್ಲೂ 40 ಬರಬೇಕು, ನಾಲ್ಕೂ ಸೇರಿ ಶೇಕಡಾ 50 ದಾಟಬೇಕು. ಕಾಸ್ಟಿಂಗ್ ನನಗೆ ಇಷ್ಟ. ಒಂದು ಪ್ಯಾಂಟಿಗೆ ಬಟ್ಟೆ ಎಷ್ಟು, ಜಿಪ್ ಎಷ್ಟು, ವಾಷಿಂಗ್ ಎಷ್ಟು ಅಂತ ದಿನಾ ನೋಡುವವಳಿಗೆ ಆ ಪುಸ್ತಕ ಪರಿಚಯದವರ ಮನೆ ಇದ್ದ ಹಾಗೆ. ಕಾನೂನಿನ ಪೇಪರ್‌ಗೆ ಮಾತ್ರ ಜಾಸ್ತಿ ಹೊತ್ತು ಬೇಕು.

"ಕೆಲಸ, ಮನೆ, ಓದು ಇಷ್ಟೇ ಸಾಲದು ಅಂತ ಈ ವ್ಯಾಯಾಮ ಒಂದು ಯಾಕೆ?" ಅಂತ ತುಂಬಾ ಜನ ಕೇಳುತ್ತಾರೆ. ನನ್ನ ಉತ್ತರ ನಮ್ಮ ಅಮ್ಮ. ಅವರಿಗೆ ಸಕ್ಕರೆ ಕಾಯಿಲೆ. ಅವರ ಅಣ್ಣನಿಗೂ ಇತ್ತು. ಮನೆತನದಲ್ಲಿ ಸಕ್ಕರೆ ಇರುವವರು ದಿನವಿಡೀ ಕೂತು ದುಡಿದರೆ ಅದು ಬೇಗ ಬಂದು ಬಾಗಿಲು ತಟ್ಟುವ ಸಾಧ್ಯತೆ ಜಾಸ್ತಿ. ಊಟ ಆದ ಮೇಲೆ ಸ್ವಲ್ಪ ನಡೆದರೆ ಸ್ನಾಯುಗಳು ರಕ್ತದಲ್ಲಿನ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ, ಅದು ಏರುವುದು ಕಡಿಮೆಯಾಗುತ್ತದೆ. ಇಷ್ಟು ಗೊತ್ತಿದ್ದೂ ಕೂತಿರೋದು ನನ್ನಿಂದ ಆಗಲ್ಲ. ಪಾಸಾಗಿ ಸರ್ಟಿಫಿಕೇಟ್ ತಗೊಂಡು, ಮೇಲೆ ಒಂದು ಮಾತ್ರೆ ಡಬ್ಬಿಯನ್ನೂ ತಗೊಳ್ಳೋದು ನನಗೆ ಬೇಡ.

ಸಮಸ್ಯೆ ಹೊತ್ತಿನದು. ದಿನಾ ಇಷ್ಟು ಗಂಟೆಗೆ ಅಂತ ಟೈಮ್ ಟೇಬಲ್ ಹಾಕೋಕೆ ನಮ್ಮ ಮನೆಯಲ್ಲಿ ಸಾಧ್ಯವೇ ಇಲ್ಲ. ನಮ್ಮ ಮನೆಯವರು ತೋರಣಗಲ್ಲು ಕಡೆ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸದವರು. ಎ ಶಿಫ್ಟ್ ವಾರದಲ್ಲಿ ಬೆಳಿಗ್ಗೆ 6ಕ್ಕೆ ಅವರು ಗೇಟಿನೊಳಗಿರಬೇಕು, ನಾನು 4ಕ್ಕೆಲ್ಲ ಎದ್ದು ಬುತ್ತಿ ಕಟ್ಟಬೇಕು. ಬಿ ಶಿಫ್ಟ್ ಆದರೆ ಬೆಳಿಗ್ಗೆ ಅವರು ಮನೆಯಲ್ಲಿರುತ್ತಾರೆ, ಮಗನನ್ನು ಅವರೇ ನೋಡಿಕೊಳ್ಳುತ್ತಾರೆ, ನನಗೆ ಬೆಳಗ್ಗೆ ಸಿಗುತ್ತದೆ. ಸಿ ಶಿಫ್ಟ್ ಬಂದರೆ ಅವರು ಬರೋದೇ ಬೆಳಗ್ಗೆ. ಹೀಗಿರುವಾಗ ಗಡಿಯಾರ ನೋಡಿಕೊಂಡು ವ್ಯಾಯಾಮ ಮಾಡಿ ಅನ್ನುವ ಸಲಹೆಗಳೆಲ್ಲ ನಮ್ಮಂಥವರಿಗೆ ಬರೆದದ್ದಲ್ಲ.

ನಾನು ದಿನ ಲೆಕ್ಕ ಬಿಟ್ಟು ವಾರ ಲೆಕ್ಕ ಹಿಡಿದೆ. ಇದು ನಾನು ಸುಮ್ನೆ ಹುಟ್ಟಿಸಿಕೊಂಡದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ವಾರದ ಲೆಕ್ಕವನ್ನೇ. ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಬಿರುಸು ನಡಿಗೆಯಂಥದ್ದು. ಏದುಸಿರು ಬರುವಂಥದ್ದಾದರೆ 75ರಿಂದ 150 ನಿಮಿಷ ಸಾಕು. ಜೊತೆಗೆ ವಾರದಲ್ಲಿ ಎರಡು ದಿನವಾದರೂ ಮೈಕೈಗೆ ಬಲ ಬರುವ ಕಸರತ್ತು. 2010ರ ಸೂಚನೆಯಲ್ಲಿ ಒಂದು ಸಲಕ್ಕೆ ಕನಿಷ್ಠ 10 ನಿಮಿಷ ಮಾಡಿದರೆ ಮಾತ್ರ ಲೆಕ್ಕ ಅಂತಿತ್ತು. 2020ರಲ್ಲಿ ಅದನ್ನು ತೆಗೆದುಹಾಕಿದರು. ಈಗ ಎಷ್ಟು ಹೊತ್ತು ನಡೆದರೂ ಲೆಕ್ಕಕ್ಕೆ ಬರುತ್ತದೆ. ನೌಕರಿ ಮಾಡಿಕೊಂಡು ಓದುವವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಇಲ್ಲ ಅಂತ ನನಗನಿಸುತ್ತದೆ. ಒಂದು ಗಂಟೆ ಸಿಗಲಿಲ್ಲ ಅಂತ ಕೈಬಿಡುವವರೇ ಜಾಸ್ತಿ. ಐದು ನಿಮಿಷ ಎಲ್ಲರಿಗೂ ಸಿಗುತ್ತದೆ.

ಈ ತಿಂಗಳಲ್ಲಿ ಆ ನಿಮಿಷಗಳು ಎಲ್ಲಿ ಸಿಗುತ್ತವೆ ಅನ್ನೋದನ್ನು ಬಿಸಿಲೇ ಹೇಳುತ್ತದೆ. ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಹೋಯಿತು, ಯುಗಾದಿ ಕಳೆದ ಮೇಲಂತೂ ಬೆಳಿಗ್ಗೆ 8ಕ್ಕೆ ಬಿಸಿಲು ಚುರುಗುಟ್ಟುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಸರ್ಕಾರಿ ಕಚೇರಿಗಳಿಗೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಅಂತ ಸಮಯ ಬದಲಾಯಿಸುತ್ತಾರೆ. ಒಳ್ಳೆಯ ಕೆಲಸ. ನಮ್ಮಂಥ ಖಾಸಗಿಯವರಿಗೂ ಅದು ಬರಬೇಕು, ಅದರಲ್ಲೂ ತಗಡಿನ ಶೀಟಿನ ಕೆಳಗೆ ಹೊಲಿಯುವವರಿಗೆ. ಚಳಿಗಾಲದಲ್ಲಿ ವಿಮ್ಸ್ ಮೆಡಿಕಲ್ ಕಾಲೇಜಿನ ಮೈದಾನದಲ್ಲಿ ಆರಾಮಾಗಿ ಸುತ್ತು ಹಾಕುತ್ತಿದ್ದೆ. ಈಗ ಅದು ಸೂರ್ಯ ಹುಟ್ಟುವ ಹೊತ್ತಿಗೆ ಆಗಬೇಕು, ಇಲ್ಲಾಂದ್ರೆ ಬಿಟ್ಟುಬಿಡಬೇಕು.

ಹಾಗಾಗಿ ಈಗ ನನ್ನ ನಡಿಗೆ ಹೆಚ್ಚಾಗಿ ರಾತ್ರಿ, ಮಾಳಿಗೆ ಮೇಲೆ. ಸಂಜೆ ಅತ್ತೆ ನಾಲ್ಕು ಬಕೆಟ್ ನೀರು ಹೊಯ್ಯುತ್ತಾರೆ, ನೆಲ ಚುಯ್ ಅನ್ನುತ್ತದೆ. ಆದರೂ ಊಟ ಮುಗಿಸಿ 9ಕ್ಕೆ ಮೇಲೆ ಹೋದರೆ ಕಟ್ಟೆಗೋಡೆ ಇನ್ನೂ ಬೆಚ್ಚಗೇ ಇರುತ್ತದೆ, ಕೈ ಇಟ್ಟರೆ ಗೊತ್ತಾಗುತ್ತದೆ. ಹಗಲೆಲ್ಲ ಕುಡಿದ ಬಿಸಿಲನ್ನು ಕಾಂಕ್ರೀಟು ರಾತ್ರಿ ಬಿಡುತ್ತದೆ, ಅದಕ್ಕೇ ಇಲ್ಲಿ ಸೂರ್ಯ ಮುಳುಗಿದ ತಕ್ಷಣ ತಂಪು ಬರಲ್ಲ. ನಾನು ಗೋಡೆಯಿಂದ ದೂರ, ನಡುವಿನಲ್ಲಿ, ಎಂಟರ ಆಕಾರದಲ್ಲಿ ನಡೆಯುತ್ತೇನೆ. ಒಂದೇ ಕಡೆ ತಿರುಗಿ ತಿರುಗಿ ತಲೆ ಸುತ್ತೋದು ಇದರಿಂದ ತಪ್ಪುತ್ತದೆ. ನೀರಿನ ಟ್ಯಾಂಕಿನ ಸುತ್ತ ಒಂದು, ಬಟ್ಟೆ ಒಣಗಿಸುವ ತಂತಿ ಕಂಬದ ಸುತ್ತ ಒಂದು.

ಕಿವಿಯಲ್ಲಿ ನನ್ನದೇ ದನಿ ಇರುತ್ತದೆ. ಕಾಂಟ್ರ್ಯಾಕ್ಟ್ ಆ್ಯಕ್ಟಿನ ಸೆಕ್ಷನ್‌ಗಳು, ಅಕೌಂಟಿಂಗ್ ಸ್ಟ್ಯಾಂಡರ್ಡ್‌ಗಳು, ಎಲ್ಲವನ್ನೂ ಮೊಬೈಲ್‌ನಲ್ಲಿ ಓದಿ ರೆಕಾರ್ಡ್ ಮಾಡಿಟ್ಟುಕೊಂಡಿದ್ದೇನೆ. ಒಂದು ಸಾಲು ಕೇಳಿ, ನಿಲ್ಲಿಸಿ, ಬಾಯಿಬಿಟ್ಟು ಹೇಳಿ, ಮತ್ತೆ ಮುಂದಿನದು. ಇದರಲ್ಲಿ ಇನ್ನೊಂದು ಅನುಕೂಲ ಉಂಟು. ನಡಿಗೆ ಬಿರುಸಾಗಿದೆಯಾ ಅಂತ ತಿಳಿಯೋಕೆ ಸುಲಭದ ದಾರಿ, ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು. ಸೆಕ್ಷನ್ 10 ಒಂದೇ ಉಸಿರಿಗೆ ಆರಾಮಾಗಿ ಬಂದರೆ ನಾನು ನಿಧಾನ ಆಗಿದ್ದೇನೆ ಅಂತ ಅರ್ಥ. ಮಧ್ಯೆ ಒಂದು ಸಲ ಉಸಿರು ಎಳೆದುಕೊಳ್ಳಬೇಕಾದರೆ ಸರಿಯಾಗಿದೆ. ಮೊನ್ನೆ ಕೆಳಗಿಂದ ಅತ್ತೆ ಕೂಗಿದರು, "ಹತ್ತಾತು, ಯಾರ್ ಜೊತಿ ಮಾತಾಡಾಕತ್ತೀಯವ್ವಾ ಅಷ್ಟೊತ್ತಿಂದ?" ಪರೀಕ್ಷೆದು ಅಂದೆ. ಮೇಲೆ ಬಂದು ಸ್ವಲ್ಪ ಹೊತ್ತು ಕೇಳಿದರು. ಈಗ ಅವರೂ ಊಟ ಆದ ಮೇಲೆ ಮೇಲೆ ಬಂದು ನಿಧಾನಕ್ಕೆ ಓಡಾಡುತ್ತಾರೆ. ಮಂಡಿ ನೋವಿದೆ, ಮೆಟ್ಟಿಲಿಗೆ ನಾನು ಕೈ ಹಿಡಿಯುತ್ತೇನೆ.

ಬಲದ ಕಸರತ್ತಿಗೆ ನನಗೆ ಜಿಮ್ ಇಲ್ಲ. ಅದು ಆಗೋದು ಕೆಲಸದ ಜಾಗದಲ್ಲೇ, ನಾಲ್ಕು ಗಂಟೆ ಚಹಾ ಹೊತ್ತಿಗೆ. ಇದರ ಬಗ್ಗೆ ಬರೆಯಲೇಬೇಕು ಅಂತ ತುಂಬಾ ದಿನದಿಂದ ಅಂದುಕೊಂಡಿದ್ದೆ.

ನಮ್ಮಲ್ಲಿ ಹೊಲಿದು ಬಂದ ಪ್ಯಾಂಟುಗಳ ದಾರ ಕತ್ತರಿಸುವ ಹೆಂಗಸರು ಇದ್ದಾರೆ. ನೆಲದ ಮೇಲೆ ಗೋಣಿತಾಟು ಹಾಸಿಕೊಂಡು, ಕಾಲು ಮಡಚಿ, ಬೆನ್ನು ಬಾಗಿಸಿ ಕೂತರೆ ಎಬ್ಬಿಸುವವರಿಲ್ಲ. ಕೈಯಲ್ಲಿ ಪುಟ್ಟ ಕತ್ತರಿ, ಬೆರಳೆಲ್ಲ ನೀಲಿ. ವಾಷಿಂಗ್‌ಗೆ ಹೋಗದ ಜೀನ್ಸ್ ಬಟ್ಟೆ ಮುಟ್ಟಿದರೆ ಬಣ್ಣ ಬಿಡುತ್ತದೆ. ನಾನು ಚಹಾ ಹೊತ್ತಿಗೆ ಮೆಟ್ಟಿಲ ಹತ್ತಿರದ ಗೋಡೆಗೆ ಎರಡೂ ಕೈ ಊರಿ, ಎದೆಯನ್ನು ಗೋಡೆಯ ಹತ್ತಿರ ತಂದು ಹಿಂದೆ ತಳ್ಳುತ್ತಿದ್ದೆ. ಆಮೇಲೆ ಕುರ್ಚಿ ಇಲ್ಲದೆ ಕೂತು ಏಳುವುದು. ಅವರಲ್ಲಿ ಹಿರಿಯರೊಬ್ಬರು ನೋಡಿ, "ಅದೇನ್ರೀ ಅಕ್ಕಾರೆ, ದಿನಾ ಗ್ವಾಡಿ ನೂಕ್ತೀರಲ್ಲ?" ಅಂದರು. ಬೆನ್ನಿಗೆ, ಭುಜಕ್ಕೆ ಒಳ್ಳೆಯದು ಅಂದೆ. "ನಮಗೂ ಸೊಂಟ ಹಿಡ್ಕಂಡೈತಿ, ತೋರಿಸ್ರಿ ಹಂಗಾರೆ" ಅಂದರು.

ಅವತ್ತಿನಿಂದ ಚಹಾ ಲೋಟ ಕೆಳಗಿಟ್ಟು ಸಾಲಾಗಿ ನಿಲ್ಲುತ್ತೇವೆ. ಸುಣ್ಣದ ಗೋಡೆ ತುಂಬಾ ನೀಲಿ ಅಂಗೈ ಗುರುತು ಮೂಡಿದೆ. ಎತ್ತರದವರದು ಮೇಲೆ, ಗಿಡ್ಡಿಯರದು ಕೆಳಗೆ. ಮಾಲೀಕರು ನೋಡಿ ಏನೂ ಅನ್ನಲಿಲ್ಲ, ಸುಣ್ಣ ಬಳಿಸಲೂ ಇಲ್ಲ. ನಾನು ಡಾಕ್ಟರ್ ಅಲ್ಲ. ತುಂಬಾ ನೋವಿದ್ದವರಿಗೆ ಮೊದಲು ಆಸ್ಪತ್ರೆಗೆ ತೋರಿಸಿ ಅಂತಲೇ ಹೇಳಿದ್ದೇನೆ. ಆದರೆ ಗಂಟೆಗಟ್ಟಲೆ ಬಾಗಿ ಕೂರುವ ದೇಹ ನಡುವೆ ಒಂದೆರಡು ಸಲ ಎದ್ದು ನಿಂತು ಬೆನ್ನು ನೆಟ್ಟಗೆ ಮಾಡಬೇಕು. ಅದಕ್ಕೆ ಹೊತ್ತು ಕೊಡುವ ಘಟಕ ಊರಲ್ಲಿ ಹೆಚ್ಚಾಗಲಿ ಅನ್ನೋದು ನನ್ನ ಆಸೆ. ಬಳ್ಳಾರಿ ಜೀನ್ಸ್ ಹೆಸರು ದೇಶದಲ್ಲೆಲ್ಲ ಇದೆ, ಅದನ್ನು ಮಾಡುವವರ ಬೆನ್ನೂ ಗಟ್ಟಿ ಇರಬೇಕು ಅಲ್ವಾ?

ನಲ್ಲಿ ನೀರು ಬಿಡುವ ದಿನ ಬೇರೆ ವ್ಯಾಯಾಮವೇ ಬೇಡ. ಕೊಡ ತುಂಬಿ, ಎತ್ತಿ, ಒಳಗೆ ಡ್ರಮ್ಮಿಗೆ ಸುರಿದು ಮುಗಿಸುವಷ್ಟರಲ್ಲಿ ತೋಳು, ತೊಡೆ ಎರಡೂ ದುಡಿದಿರುತ್ತವೆ. ಎರಡೂ ಸೊಂಟಕ್ಕೆ ಬದಲಾಯಿಸಿ ಹೊರುತ್ತೇನೆ. ಎತ್ತುವಾಗ ಮಂಡಿ ಬಾಗಿಸುತ್ತೇನೆ, ಬೆನ್ನು ಬಾಗಿಸಲ್ಲ. ವಾರದ ಎರಡು ದಿನದಲ್ಲಿ ಒಂದು ದಿನ ಅಂತ ಅದನ್ನು ಸೇರಿಸಿಕೊಳ್ಳುತ್ತೇನೆ.

ಇವತ್ತು ಬೆಳಿಗ್ಗೆ ಬಳ್ಳಾರಿ ಕೋಟೆ ಗುಡ್ಡ. ಪಕ್ಕದ ಮನೆಯ ಅಕ್ಕ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡುತ್ತಾರೆ, ಅವರ ಜೊತೆ ಹೋಗಿದ್ದೆ. ಕೆಳಗಿನ ಕೋಟೆ ಹೈದರಾಲಿ ಕಟ್ಟಿಸಿದ್ದು, ಮೇಲಿನದು ಅದಕ್ಕಿಂತ ಹಳೆಯದು, ಹನುಮಪ್ಪ ನಾಯಕನ ಕಾಲದ್ದು ಅಂತ ಹೇಳುತ್ತಾ ಹತ್ತುತ್ತಿದ್ದರು. ಏರು ಜಾಸ್ತಿ ಆದ ಕಡೆ ಹನುಮಪ್ಪ ನಾಯಕನ ಹೆಸರೇ ಪೂರ್ತಿ ಬರಲಿಲ್ಲ, ಇಬ್ಬರೂ ನಿಂತೆವು. ಮಾತು ಕಡಿಯುವಷ್ಟು ಏದುಸಿರು ಬಂತು ಅಂದರೆ ಅದು ಆ 75ರಿಂದ 150 ನಿಮಿಷದ ಲೆಕ್ಕಕ್ಕೆ, ಅಂದರೆ ಒಂದು ನಿಮಿಷ ಎರಡು ನಿಮಿಷದ ನಡಿಗೆಗೆ ಸಮ. ಭಾನುವಾರ ಗುಡ್ಡ ಹತ್ತಿದರೆ ವಾರದಲ್ಲಿ ತಪ್ಪಿದ್ದು ಬಹಳ ಮಟ್ಟಿಗೆ ತುಂಬಿಕೊಳ್ಳುತ್ತದೆ. ಮೇಲೆ ನಿಂತು ಕುಂಬಾರ ಗುಡ್ಡ ತೋರಿಸಿ ಅಕ್ಕ ಆ ಕತೆ ಹೇಳಿದರು. ಕೋಟೆ ಕಟ್ಟಿದ ಫ್ರೆಂಚ್ ಎಂಜಿನಿಯರ್, ಎದುರಿನ ಗುಡ್ಡ ಇದಕ್ಕಿಂತ ಎತ್ತರ ಅನ್ನೋದನ್ನು ನೋಡಿಕೊಂಡಿರಲಿಲ್ಲ, ಅದಕ್ಕೆ ಹೈದರಾಲಿ ಅವನನ್ನು ನೇಣಿಗೆ ಹಾಕಿಸಿದ ಅಂತ ಊರ ಜನ ಹೇಳುವ ಕತೆ. ಬಂಡೆ ಕಾಯುವ ಮೊದಲೇ ಇಳಿದೆವು.

ಇಳಿದ ಮೇಲೆ ಅಕ್ಕ ನನ್ನ ಬೆನ್ನು ನೋಡಿ, "ಏನಿದು ಬಿಳಿ ಬಿಳಿ?" ಅಂದರು. ಕಪ್ಪು ಕುರ್ತಾದ ಮೇಲೆ ಉಪ್ಪಿನ ಗೆರೆ ಕಟ್ಟಿತ್ತು. ಬಳ್ಳಾರಿಯ ಒಣ ಗಾಳಿಯಲ್ಲಿ ಬೆವರು ಬಂದದ್ದೇ ಗೊತ್ತಾಗಲ್ಲ, ಬಂದ ಹಾಗೇ ಆರಿಹೋಗುತ್ತದೆ, ಉಪ್ಪು ಮಾತ್ರ ಉಳಿಯುತ್ತದೆ. ಬೆವರುತ್ತಿಲ್ಲ ಅಂದುಕೊಂಡು ನೀರು ಕುಡಿಯದವರೇ ತಲೆ ತಿರುಗಿ ಬೀಳೋದು. ಮನೆಗೆ ಬಂದು ಇಬ್ಬರೂ ಉಪ್ಪು ಹಾಕಿದ ಮಜ್ಜಿಗೆ ದೊಡ್ಡ ಲೋಟದಲ್ಲಿ ಕುಡಿದೆವು. ಹೊಸದಾಗಿ ಬೇಸಿಗೆಯಲ್ಲಿ ಶುರು ಮಾಡುವವರು ಮೊದಲ ಒಂದೆರಡು ವಾರ ತುಂಬಾ ನಿಧಾನಕ್ಕೆ ಹೋಗಬೇಕು. ಮೈ ಸೆಖೆಗೆ ಒಗ್ಗೋಕೆ ಅಷ್ಟು ದಿನ ಬೇಕು.

ಒಂದು ವಿಷಯದಲ್ಲಿ ಮಾತ್ರ ನಾನು ಹಟ ಹಿಡಿಯುತ್ತೇನೆ. ಅದು ನಿದ್ದೆ. ಬೆಳಿಗ್ಗೆ 4ಕ್ಕೆ ಎದ್ದು ಓದಿ, 5ಕ್ಕೆ ಓಡಿ, ರಾತ್ರಿ 12ರವರೆಗೆ ಮತ್ತೆ ಓದಿ ಅಂತ ಹುರುಪು ತುಂಬುವವರು ಬಹಳ. ದೊಡ್ಡವರಿಗೆ ರಾತ್ರಿ ಕನಿಷ್ಠ 7 ಗಂಟೆ ನಿದ್ದೆ ಬೇಕು. ಓದಿದ್ದು ತಲೆಯಲ್ಲಿ ನಿಲ್ಲೋದೇ ಆ ನಿದ್ದೆಯಲ್ಲಿ. ನಿದ್ದೆ ಕದ್ದು ನಡೆದರೆ ನಡಿಗೆಯೂ ಸುಖ ಕೊಡಲ್ಲ, ಮಾರನೆ ದಿನ ಇನ್‌ವಾಯ್ಸ್ ನಂಬರ್ ಕಣ್ಣಿಗೆ ಜಾರುತ್ತದೆ. ಎ ಶಿಫ್ಟ್ ವಾರದಲ್ಲಿ ನಾನು ರಾತ್ರಿ 9ಕ್ಕೇ ಮಲಗುತ್ತೇನೆ. ಆ ವಾರ ಮಾಳಿಗೆ ನಡಿಗೆ ಇಲ್ಲ, ಓದೂ ಕಡಿಮೆ. ಚಹಾ ಹೊತ್ತಿನ ಗೋಡೆ, ಆಫೀಸಿನ ಮೆಟ್ಟಿಲು, ಮಧ್ಯಾಹ್ನ ಊಟ ಆದ ಮೇಲೆ ಕಾರಿಡಾರಿನಲ್ಲಿ ಐದು ನಿಮಿಷ, ಇಷ್ಟೇ. ಬಿ ಶಿಫ್ಟ್ ವಾರ ಬಂದಾಗ ಬೆಳಗ್ಗೆ ಹೆಚ್ಚಿಗೆ ನಡೆಯುತ್ತೇನೆ. ಪರೀಕ್ಷೆ ವಾರದಲ್ಲೂ ನಿದ್ದೆಯೇ ಮೊದಲು. ಗುಡ್ಡ ಬೇಡ, ಹೊಸ ಕಸರತ್ತು ಬೇಡ, ರಾತ್ರಿ ಊಟದ ಮೇಲಿನ ನಡಿಗೆ ಮಾತ್ರ ಬಿಡೋದಿಲ್ಲ.

ನಾಳೆ ಅಂಬೇಡ್ಕರ್ ಜಯಂತಿ, ನಮಗೂ ರಜೆ. ಬೆಳಿಗ್ಗೆ ಕಾಸ್ಟಿಂಗ್ ಪುಸ್ತಕದ ಪ್ರಾಸೆಸ್ ಕಾಸ್ಟಿಂಗ್ ಪಾಠ ಮುಗಿಸಬೇಕು, ಅಬ್‌ನಾರ್ಮಲ್ ಲಾಸ್ ಲೆಕ್ಕಗಳು ಬಾಕಿ ಇವೆ. 20ರ ರಿಟರ್ನ್‌ಗೆ ಇಬ್ಬರು ಸಪ್ಲಾಯರ್‌ಗಳ ಬಿಲ್ ಇನ್ನೂ ಬಂದಿಲ್ಲ, ಮಂಗಳವಾರ ಹೋದ ತಕ್ಷಣ ಫೋನ್ ಮಾಡಬೇಕು. ಮಗ ಈಗಷ್ಟೇ ಫೋನ್ ಮಾಡಿದ್ದ. ಸಿರುಗುಪ್ಪದಲ್ಲೂ ಸೆಖೆ ಅಂತೆ, ಅಜ್ಜಿ ಮಧ್ಯಾಹ್ನ ಹೊರಗೆ ಬಿಡ್ತಿಲ್ಲ ಅಂತ ದೂರು ಹೇಳಿದ.