ಹರ್ಬ್‌ಸ್ಟ್ರೀಟ್‌ನ ಬಾಯಿ ಕಟ್ಟಿದ ರಾತ್ರಿ

ಟಿವಿಯನ್ನು ಮ್ಯೂಟ್ ಮಾಡಿ, ಪಕ್ಕದಲ್ಲಿ ರೇಡಿಯೋ ಹಚ್ಚಿಕೊಂಡು ಅಮೆರಿಕನ್ ಫುಟ್‌ಬಾಲ್ ಪಂದ್ಯ ನೋಡುವವರು ಓಹಾಯೋದ ಕೊಲಂಬಸ್ಸಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಚಿತ್ರ ಇಎಸ್‌ಪಿಎನ್ ವಾಹಿನಿಯದು, ಮಾತು ಊರಿನ 97.1 ಎಫ್‌ಎಂನದು. ತೊಂದರೆ ಒಂದೇ, ರೇಡಿಯೋ ಮುಂದೆ ಓಡುತ್ತದೆ. ಕೇಬಲ್ಲಿನಲ್ಲಿ ಚಿತ್ರ ಬಂದು ಮುಟ್ಟುವಷ್ಟರಲ್ಲಿ ಕೆಲವು ಸೆಕೆಂಡು ಕಳೆದಿರುತ್ತದೆ. ಚೆಂಡು ಇನ್ನೂ ಆಟಗಾರನ ಕೈಯಲ್ಲಿರುವಾಗಲೇ ಅದು ಎಲ್ಲಿ ಬಿತ್ತು ಅಂತ ರೇಡಿಯೋ ಹೇಳಿಬಿಡುತ್ತದೆ. ಇದಕ್ಕೆಂದೇ ರೇಡಿಯೋವನ್ನು ತಡಮಾಡಿ ಕೇಳಿಸುವ ಸಲಕರಣೆ ಕೊಂಡವರೂ ಇದ್ದಾರೆ. ನಮ್ಮ ಪಕ್ಕದ ಮನೆಯ ಯಜಮಾನರು ಅದಕ್ಕೂ ದುಡ್ಡು ಬಿಚ್ಚುವವರಲ್ಲ. ಒಳ್ಳೆಯ ಸುದ್ದಿ ಮೊದಲೇ ಗೊತ್ತಾದರೆ ನಷ್ಟವೇನು, ಕೆಟ್ಟದ್ದು ಮೊದಲೇ ಗೊತ್ತಾದರೆ ಕಣ್ಣು ಮುಚ್ಚಿಕೊಳ್ಳಬಹುದು ಎನ್ನುವುದು ಅವರ ವಾದ. ಆ ವಾಹಿನಿಯ ಕಾಮೆಂಟರಿಕಾರ ಕರ್ಕ್ ಹರ್ಬ್‌ಸ್ಟ್ರೀಟ್‌ನ ದನಿ ಕಿವಿಗೆ ಬೀಳದಿದ್ದರೆ ಅವರಿಗೆ ಸಾಕು.

2025ರ ಜನವರಿ 20, ಸೋಮವಾರ. ಮಾರ್ಟಿನ್ ಲೂಥರ್ ಕಿಂಗ್ ದಿನದ ರಜೆ. ಹೊರಗೆ ಮೂಗಿನ ಹೊಳ್ಳೆ ಮರಗಟ್ಟುವ ಚಳಿ. ಅಟ್ಲಾಂಟಾದಲ್ಲಿ ನಮ್ಮೂರಿನ ವಿಶ್ವವಿದ್ಯಾಲಯ ಓಹಾಯೋ ಸ್ಟೇಟ್ ಮತ್ತು ನೋಟರ್ ಡೇಮ್ ನಡುವೆ ಕಾಲೇಜು ಫುಟ್‌ಬಾಲ್ ರಾಷ್ಟ್ರೀಯ ಕಿರೀಟದ ಪಂದ್ಯ, ರಾತ್ರಿ ಏಳೂವರೆಗೆ. ನಾವು, ಅಂದರೆ ನಾನು, ನನ್ನ ಹೆಂಡತಿ, ಮಗ, ಪಕ್ಕದ ಮನೆಯ ನೆಲಮಾಳಿಗೆಯಲ್ಲಿ ಸೇರಿದೆವು. ಹೆಂಡತಿ ಮಂಡಕ್ಕಿ ಒಗ್ಗರಣೆ ತಂದಿದ್ದಳು. ಯಜಮಾನರ ಹೆಂಡತಿ ಬಕ್‌ಐ ಕ್ಯಾಂಡಿ ಮಾಡಿಟ್ಟಿದ್ದರು. ಕಡಲೆಕಾಯಿ ಬೆಣ್ಣೆಯ ಉಂಡೆಯನ್ನು ಚಾಕೊಲೇಟಿನಲ್ಲಿ ಮುಕ್ಕಾಲು ಅದ್ದಿ, ತುದಿಯಲ್ಲಿ ಬೆಳ್ಳಗೆ ಒಂದು ಕಣ್ಣು ಬಿಟ್ಟಿರುತ್ತಾರೆ. ಅದು ಈ ರಾಜ್ಯದ ಮರದ ಬೀಜದ ಆಕಾರ, ತಂಡದ ಹೆಸರೂ ಅದೇ.

ಇಲ್ಲಿಗೆ ಓದಲು ಬಂದ ಹೊಸತರಲ್ಲಿ ನನಗೆ ಈ ಹುಚ್ಚು ತಲೆಗೇ ಹತ್ತಿರಲಿಲ್ಲ. ಕಾಲೇಜು ಹುಡುಗರ ಆಟ ನೋಡಲು ಲಕ್ಷ ಜನ ಏಕೆ ಸೇರಬೇಕು? ಓಹಾಯೋ ಸ್ಟೇಡಿಯಂನಲ್ಲಿ 1,02,780 ಆಸನಗಳಿವೆ. ಹಳೆಯ ಎದುರಾಳಿ ಮಿಷಿಗನ್ ವಿಶ್ವವಿದ್ಯಾಲಯದ ವಿರುದ್ಧ ಆಟವಿರುವ ವಾರ ಕ್ಯಾಂಪಸ್ಸಿನ ಫಲಕಗಳಲ್ಲಿ ಇಂಗ್ಲಿಷಿನ ಎಂ ಅಕ್ಷರ ಕಂಡಲ್ಲೆಲ್ಲ ಕೆಂಪು ಟೇಪು ಅಂಟಿಸುತ್ತಾರೆ. ಹಳೆಯ ಮಂದಿ ಆ ಹೆಸರನ್ನು ಬಾಯಿಂದ ಆಡುವುದೂ ಇಲ್ಲ, 'ಉತ್ತರದ ಆ ತಂಡ' ಎನ್ನುತ್ತಾರೆ. ಹಿರಿಯ ಕೋಚ್ ವುಡಿ ಹೇಯ್ಸ್ ಹಾಕಿಕೊಟ್ಟ ಪದ್ಧತಿ ಅದು. ಮೊದಲು ನಗು ಬರುತ್ತಿತ್ತು. ಈಗ ನಮ್ಮ ಮಗನೇ ಆ ವಾರ ಹೋಂವರ್ಕಿನಲ್ಲಿ ಎಂ ಅಕ್ಷರಕ್ಕೆ ಅಡ್ಡಗೆರೆ ಎಳೆದು ಟೀಚರಿಂದ ಚೀಟಿ ತರುತ್ತಾನೆ.

ಇಂಥ ಊರಿನಲ್ಲಿ ಅತಿ ಹೆಚ್ಚು ಬೈಸಿಕೊಳ್ಳುವ ಕಾಮೆಂಟರಿಕಾರ ಮಿಷಿಗನ್ನಿನವನಾಗಿದ್ದರೆ ನನಗೂ ಅರ್ಥವಾಗುತ್ತಿತ್ತು. ಹರ್ಬ್‌ಸ್ಟ್ರೀಟ್ ಈ ಮಣ್ಣಿನವನೇ. ಡೇಟನ್ ಪಕ್ಕದ ಸೆಂಟರ್‌ವಿಲ್‌ನ ಹುಡುಗ. ಅಪ್ಪ 1960ರಲ್ಲಿ ವುಡಿ ಹೇಯ್ಸ್ ಕೈಕೆಳಗೆ ಓಹಾಯೋ ಸ್ಟೇಟ್ ನಾಯಕ, ಮಗ 1992ರಲ್ಲಿ ಅದೇ ತಂಡದ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು) ಮತ್ತು ನಾಯಕ. 1995ರಲ್ಲಿ ಇಎಸ್‌ಪಿಎನ್ ಸೇರಿ, ಮರುವರ್ಷದಿಂದ 'ಕಾಲೇಜ್ ಗೇಮ್‌ಡೇ' ಕಾರ್ಯಕ್ರಮದ ಮೇಜಿನ ಹಿಂದೆ ಕೂತ. ಇಂದಿಗೂ ಕೂತಿದ್ದಾನೆ. ದೊಡ್ಡ ಪಂದ್ಯಗಳಿಗೆ ಕ್ರಿಸ್ ಫೌಲರ್ ಜೊತೆ ಕಾಮೆಂಟರಿಯೂ ಆತನದೇ. ಹಾಗೆ ಕಾಮೆಂಟರಿ ಹೇಳಲಿರುವ ಪಂದ್ಯದಲ್ಲಿ ಯಾರು ಗೆಲ್ಲುತ್ತಾರೆಂದು ಬೆಳಗಿನ ಕಾರ್ಯಕ್ರಮದಲ್ಲಿ ಬಾಯಿ ಬಿಡುವುದಿಲ್ಲ. ಬೇರೆಯವರು ಒಬ್ಬೊಬ್ಬರಾಗಿ ಹೇಳುವಾಗ ಈತ ಸುಮ್ಮನಿರುತ್ತಾನೆ.

"ಸುಮ್ಮನಿರೋದೇ ಗೊತ್ತಾಗಿಬಿಡುತ್ತಲ್ಲ, ನಮ್ಮ ಮೇಲೆ ನಂಬಿಕೆ ಇಲ್ಲ ಅಂತ," ಅನ್ನುತ್ತಾರೆ ನಮ್ಮ ಯಜಮಾನರು.

ಅವರ ದೂರಿನ ಪಟ್ಟಿ ಉದ್ದವಿದೆ, ಅಂದು ಪಂದ್ಯಕ್ಕೆ ಮುಂಚೆ ಮಗನಿಗೆ ಪೂರ್ತಿ ಒಪ್ಪಿಸಿದರು. ಮೊದಲನೆಯದು 1992ರದು. ಆ ವರ್ಷ ಮಿಷಿಗನ್ ವಿರುದ್ಧದ ಪಂದ್ಯ 13–13ಕ್ಕೆ ಡ್ರಾ ಆಯಿತು. ಹರ್ಬ್‌ಸ್ಟ್ರೀಟ್ ಅಂದು 47 ಪಾಸ್ ಎಸೆದು 28 ಮುಟ್ಟಿಸಿದ್ದ. ವಿಶ್ವವಿದ್ಯಾಲಯದ ಅಧ್ಯಕ್ಷ ಗಾರ್ಡನ್ ಗೀ ಆ ಡ್ರಾವನ್ನು ನಮ್ಮ ಅತಿ ದೊಡ್ಡ ಗೆಲುವುಗಳಲ್ಲೊಂದು ಎಂದು ಕರೆದು ಜೀವಮಾನವಿಡೀ ತಮಾಷೆಗೆ ಗುರಿಯಾದರು. "ಡ್ರಾ! ಇವನು ಕಾಲೇಜಲ್ಲಿದ್ದಷ್ಟು ವರ್ಷ ನಾವು ಅವರನ್ನು ಒಂದು ಸಲವೂ ಸೋಲಿಸಲಿಲ್ಲ." ಅದು ನಿಜ. ಆದರೆ ಆತ ಪೂರ್ತಿ ಆಡಿದ್ದು ಕೊನೆಯ ವರ್ಷ ಮಾತ್ರ ಎನ್ನುವುದನ್ನು ಯಜಮಾನರು ಹೇಳಲಿಲ್ಲ, ನಾನೂ ನೆನಪಿಸಲಿಲ್ಲ.

ಎರಡನೆಯ ದೂರು ನ್ಯಾಶ್‌ವಿಲ್. 2011ರಲ್ಲಿ ಹರ್ಬ್‌ಸ್ಟ್ರೀಟ್ ಸಂಸಾರ ಸಮೇತ ಕೊಲಂಬಸ್ ಬಿಟ್ಟು ಟೆನಸಿ ರಾಜ್ಯದ ಆ ಊರಿಗೆ ಹೊರಟುಹೋದ. ಅಭಿಮಾನಿಗಳಲ್ಲಿ ಒಂದು ಸಣ್ಣ ಪಾಲು ಬೆನ್ನು ಬಿಡದೆ ಕಾಡುತ್ತಿದೆ, ಸಾಕಾಗಿದೆ ಎಂದು ಊರಿನ ಪತ್ರಿಕೆಗೆ ಹೇಳಿಯೇ ಹೋದ. ತಂಡದ ಬಗ್ಗೆ ಟಿವಿಯಲ್ಲಿ ಎರಡು ಕಟು ಮಾತಾಡಿದರೆ ಊರಲ್ಲಿ ಬಾಳುವುದೇ ಕಷ್ಟವಾದ ಮೇಲೆ ಇನ್ನೇನು ಮಾಡಬೇಕಿತ್ತು? ಬೈದು ಓಡಿಸಿದವರೇ ಈಗ "ಓಡಿಹೋದ" ಎನ್ನುತ್ತಾರೆ. ಇದನ್ನು ನಾನು ಯಜಮಾನರ ಮುಂದೆ ಆಡಿಯೇಬಿಟ್ಟೆ. "ನಾನೇನು ಅವನ ಮನೆ ಮುಂದೆ ಹೋಗಿ ನಿಂತಿದ್ದೆನಾ?" ಅಂದರು. ಅವರ ಹೆಂಡತಿ ಅಡುಗೆಮನೆಯಿಂದಲೇ, "ಕಾಗದ ಬರೆದಿದ್ದಿರಿ," ಅಂದರು. ಮಗನಿಗೆ ಖುಷಿಯೋ ಖುಷಿ.

ಮೂರನೆಯದರಲ್ಲಿ ಸ್ವಲ್ಪ ಹುರುಳಿದೆ. ದಕ್ಷಿಣದ ತಂಡಗಳ ಕೂಟವಾದ ಎಸ್‌ಇಸಿಯ ಪ್ರಸಾರದ ಹಕ್ಕು 2024ರಿಂದ ಪೂರ್ತಿ ಇಎಸ್‌ಪಿಎನ್ ಬಳಗದ್ದು. ಓಹಾಯೋ ಸ್ಟೇಟ್ ಇರುವ ಬಿಗ್ ಟೆನ್ ಕೂಟ 2023ರಲ್ಲಿ ಇಎಸ್‌ಪಿಎನ್ ಬಿಟ್ಟು ಫಾಕ್ಸ್, ಸಿಬಿಎಸ್, ಎನ್‌ಬಿಸಿ ಪಾಲಾಯಿತು. ಯಾರ ಸರಕು ನಿನ್ನ ಅಂಗಡಿಯಲ್ಲಿದೆಯೋ ಅವರನ್ನೇ ಹೊಗಳುತ್ತೀ ಎಂಬ ಅನುಮಾನ ಬರುವುದು ಸಹಜ. 2023ರ ಡಿಸೆಂಬರಿನಲ್ಲಿ, 13 ಪಂದ್ಯಗಳಲ್ಲಿ 13ನ್ನೂ ಗೆದ್ದಿದ್ದ ಫ್ಲಾರಿಡಾ ಸ್ಟೇಟನ್ನು ಅದರ ಕ್ವಾರ್ಟರ್‌ಬ್ಯಾಕ್ ಗಾಯಗೊಂಡದ್ದರಿಂದ ಪ್ಲೇಆಫ್‌ನಿಂದ ಹೊರಗಿಟ್ಟು ಎಸ್‌ಇಸಿಯ ಅಲಬಾಮಾವನ್ನು ಒಳಗೆ ತೆಗೆದುಕೊಂಡಾಗ ಹರ್ಬ್‌ಸ್ಟ್ರೀಟ್ ಆಯ್ಕೆ ಸಮಿತಿಯ ಪರ ನಿಂತ. ಫ್ಲಾರಿಡಾದವರು ಇಂದಿಗೂ ಅದನ್ನು ಮರೆತಿಲ್ಲ. ಆದರೆ ವಾಹಿನಿಯ ವ್ಯಾಪಾರದ ಪ್ರಶ್ನೆಯನ್ನು ವಾಹಿನಿಗೆ ಕೇಳಬೇಕು. ಜನಕ್ಕೆ ವಾಹಿನಿಯ ಮುಖ ಕಾಣುವುದಿಲ್ಲ, ಹರ್ಬ್‌ಸ್ಟ್ರೀಟ್‌ನ ಮುಖ ಕಾಣುತ್ತದೆ.

ಇನ್ನು ಮಿಷಿಗನ್ನಿನವರನ್ನು ಕೇಳಿದರೆ ಕತೆಯೇ ತಿರುಗುಮುರುಗು. 2020ರ ಡಿಸೆಂಬರಿನಲ್ಲಿ, ಕೋವಿಡ್ ನೆಪ ಹೇಳಿ ಮಿಷಿಗನ್ ಓಹಾಯೋ ಸ್ಟೇಟ್ ಪಂದ್ಯದಿಂದ ನುಣುಚಿಕೊಳ್ಳಬಹುದು ಎಂದು ಆತ ಟಿವಿಯಲ್ಲಿ ಆಡಿ, ಅದೇ ರಾತ್ರಿ ಕ್ಷಮೆ ಕೇಳಿದ. ಆ ಪಂದ್ಯ ಕೊನೆಗೆ ಕೋವಿಡ್‌ನಿಂದಾಗಿ ರದ್ದೇ ಆಯಿತು ಅನ್ನುವುದು ಬೇರೆ ಮಾತು. ನನ್ನ ಆಫೀಸಿನಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಊರಾದ ಆನ್ ಆರ್ಬರಿನಲ್ಲಿ ಓದಿದ ತೆಲುಗು ಹುಡುಗನೊಬ್ಬನಿದ್ದಾನೆ, ಅವನ ಪ್ರಕಾರ ಹರ್ಬ್‌ಸ್ಟ್ರೀಟ್ ಓಹಾಯೋದ ವಕೀಲ. ನಮ್ಮ ಯಜಮಾನರ ಪ್ರಕಾರ ಓಹಾಯೋಗೆ ಬೆನ್ನಿಗೆ ಚೂರಿ. ಇಬ್ಬರೂ ನೋಡುವುದು ಅದೇ ಮನುಷ್ಯನ ಅದೇ ಕಾರ್ಯಕ್ರಮ.

ಪಂದ್ಯ ಶುರುವಾಯಿತು. ಟಿವಿ ಮೂಕಿ. ರೇಡಿಯೋದಲ್ಲಿ ಪಾಲ್ ಕೀಲ್ಸ್ ಮತ್ತು ಜಿಮ್ ಲಶೇ. ಈ ಲಶೇ ಕೂಡ ಹಳೆಯ ಓಹಾಯೋ ಸ್ಟೇಟ್ ಆಟಗಾರನೇ. 1980ರ ದಶಕದಲ್ಲಿ ಮುಂಚೂಣಿ ಸಾಲಿನಲ್ಲಿ ಆಡಿ, ಆಮೇಲೆ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ ಹೆಸರು ಮಾಡಿದವನು. ನೋಟರ್ ಡೇಮ್ ಮೊದಲ ಸುತ್ತಿನಲ್ಲೇ 18 ಯತ್ನಗಳಲ್ಲಿ ಸುಮಾರು ಹತ್ತು ನಿಮಿಷ ಚೆಂಡು ಬಿಡದೆ ಮೈದಾನ ಸವೆಸಿ, ಕೊನೆಯ ಗೆರೆ ದಾಟಿ ಟಚ್‌ಡೌನ್ ಹೊಡೆಯಿತು. ಯಜಮಾನರು ಎದ್ದು ಟಿವಿಯ ಮುಂದೆ ನಿಂತು ಬೆರಳು ಆಡಿಸುತ್ತ, "ಕೇಳು, ಈಗ ನಮ್ಮ ಡಿಫೆನ್ಸ್ ಗಟ್ಟಿಯಿಲ್ಲ ಅಂತ ಹೇಳ್ತಿದಾನೆ," ಅಂದರು.

"ದನಿಯೇ ಇಲ್ಲವಲ್ಲ," ಅಂದ ಮಗ.

"ಬೇಕಾಗಿಲ್ಲ. ಮೂವತ್ತು ವರ್ಷ ಕೇಳಿದೀನಿ."

ಅಲ್ಲಿಂದ ಮುಂದೆ ನಾನು ಆಟಕ್ಕಿಂತ ಅವರನ್ನೇ ಹೆಚ್ಚು ನೋಡಿದೆ. ಆತ ಆಡದ ಮಾತಿಗೆಲ್ಲ ಅವರು ಉತ್ತರ ಕೊಡುತ್ತಿದ್ದರು. ಓಹಾಯೋ ಸ್ಟೇಟ್ ಸಾಲಾಗಿ ಟಚ್‌ಡೌನ್ ಹೊಡೆದು 31–7ಕ್ಕೆ ಏರಿದಾಗಲೂ, "ಈಗ ಹೊಗಳ್ತಾನೆ, ನಾಚಿಕೆ ಇಲ್ಲದವನು," ಎಂದು ಬೈಗುಳ. ಕ್ವಿನ್‌ಶಾನ್ ಜುಡ್ಕಿನ್ಸ್ ನುಗ್ಗಿ ಓಡಿದ್ದು, ವಿಲ್ ಹೋವರ್ಡ್ ಎಸೆದದ್ದೆಲ್ಲ ಗುರಿ ಮುಟ್ಟಿದ್ದು, ಇವಕ್ಕೂ ಆತನಿಗೂ ಸಂಬಂಧವೇ ಇಲ್ಲ. ಆದರೂ ಆ ಕೋಣೆಯಲ್ಲಿ ಅಂದು ನೋಟರ್ ಡೇಮ್‌ಗಿಂತ ದೊಡ್ಡ ಎದುರಾಳಿ ಹರ್ಬ್‌ಸ್ಟ್ರೀಟ್.

ಇದಕ್ಕೆ ಹಿನ್ನೆಲೆಯೊಂದಿದೆ. ನವೆಂಬರ್ 30ರಂದು ಓಹಾಯೋ ಸ್ಟೇಟ್ ತನ್ನದೇ ಅಂಗಳದಲ್ಲಿ ಮಿಷಿಗನ್‌ಗೆ 13–10ರಿಂದ ಸೋತಿತ್ತು. ಸತತ ನಾಲ್ಕನೇ ಸೋಲು. ಆಟ ಮುಗಿದ ಮೇಲೆ ಅವರು ಮೈದಾನದ ನಡುವೆ ಬಾವುಟ ನೆಡಲು ಬಂದು ಹೊಡೆದಾಟವಾಗಿ ಪೊಲೀಸರು ಪೆಪ್ಪರ್ ಸ್ಪ್ರೇ ಹೊಡೆದಿದ್ದರು. ಕೋಚ್ ರಯನ್ ಡೇಯನ್ನು ಕಿತ್ತೊಗೆಯಿರಿ ಎಂದು ಊರಿಗೆ ಊರೇ ಕೂಗುವಾಗ, ಹರ್ಬ್‌ಸ್ಟ್ರೀಟ್ ಡೇ ಪರ ನಿಂತು, ಹಾಗೆ ಕೂಗುವವರು ತಲೆಕೆಟ್ಟ ಗುಂಪು ಎಂಬರ್ಥದ ಮಾತು ಆಡಿದ. ಆ ಪಂದ್ಯದ ಪ್ರಸಾರ ಫಾಕ್ಸ್‌ನದು, ಕಾಮೆಂಟರಿಯೂ ಈತನದಲ್ಲ. ಆದರೂ ಆ ಸೋಲಿನ ಸಿಟ್ಟು ಬಂದು ನಿಂತದ್ದು ಈತನ ತಲೆಯ ಮೇಲೆ. ತಮಾಷೆಯೆಂದರೆ ಈ ಸಲ ಆತ ತಂಡವನ್ನು ಟೀಕಿಸಿರಲಿಲ್ಲ, ಕಾಪಾಡಲು ಹೋಗಿದ್ದ.

ನನಗೆ ಅನ್ನಿಸುವುದು ಇಷ್ಟು. ಆತ ಸರಿ ಹೇಳಿದನೋ ತಪ್ಪು ಹೇಳಿದನೋ ಎನ್ನುವುದು ಇಲ್ಲಿ ಯಾರಿಗೂ ಮುಖ್ಯವಲ್ಲ. ಹೊರಗಿನವನು ಬೈದರೆ ತಡೆದುಕೊಳ್ಳಬಹುದು, ಒಳಗಿನವನು ಹೊರಗಿನವರ ಮುಂದೆ ಸತ್ಯ ಹೇಳಬಾರದು. ಬೀಗರ ಪಂಕ್ತಿಯಲ್ಲಿ ಹೆಣ್ಣಿನ ಸೋದರಮಾವನೇ ಎದ್ದು "ಸಾರಿಗೆ ಉಪ್ಪು ಸಾಲದು" ಅಂದರೆ ಹೇಗೋ ಹಾಗೆ. ಉಪ್ಪು ನಿಜಕ್ಕೂ ಸಾಲದಿದ್ದರೆ ಸಿಟ್ಟು ಇನ್ನೂ ಹೆಚ್ಚು. ನಾವೇನು ಕಡಿಮೆಯೇ? 2023ರ ಫೆಬ್ರವರಿಯಲ್ಲಿ ವೆಂಕಟೇಶ್ ಪ್ರಸಾದ್ ಟ್ವಿಟರ್‌ನಲ್ಲಿ ಕೆ.ಎಲ್. ರಾಹುಲ್ ಆಯ್ಕೆಯನ್ನು ತರಾಟೆಗೆ ತೆಗೆದುಕೊಂಡಾಗ ಕೊಲಂಬಸ್ಸಿನ ನಮ್ಮ ಕನ್ನಡ ವಾಟ್ಸಾಪ್ ಗುಂಪಿನಲ್ಲಿ ರಾಹುಲ್‌ನ ರನ್ನಿನ ಲೆಕ್ಕ ಯಾರೂ ತೆಗೆಯಲಿಲ್ಲ. "ನಮ್ಮವನಾಗಿ ಹೀಗಾ?" ಎನ್ನುವುದೇ ಚರ್ಚೆ. ಲಶೇ ಕೂತಿರುವುದು ತಂಡದ ಸ್ವಂತ ರೇಡಿಯೋ ಬಳಗದಲ್ಲಿ, ಅಲ್ಲಿ ಮನೆಮಂದಿಯ ಹಾಗೆ ಮಾತಾಡಬಹುದು. ಹರ್ಬ್‌ಸ್ಟ್ರೀಟ್ ಇಡೀ ದೇಶಕ್ಕೆ ಮಾತಾಡಬೇಕು, ಅದರಲ್ಲಿ ಅರ್ಧ ಜನ ನೋಟರ್ ಡೇಮ್ ಕಡೆಯವರು.

ಮೂರನೇ ಸುತ್ತಿನ ಕೊನೆಯ ಹೊತ್ತಿಗೆ ನೋಟರ್ ಡೇಮ್ ಎದ್ದು ಕೂತಿತು. 31–15. ನಡುವೆ ಅವರ ಒಂದು ಫೀಲ್ಡ್ ಗೋಲ್ ಕಂಬಕ್ಕೆ ಬಡಿದು ತಪ್ಪಿತು. ಆಮೇಲೆ 31–23. ನಾಲ್ಕು ನಿಮಿಷ ಚಿಲ್ಲರೆ ಉಳಿದಿದೆ. ಯಜಮಾನರು ಬೈಯುವುದನ್ನೂ ನಿಲ್ಲಿಸಿದರು. ಓಹಾಯೋ ಸ್ಟೇಟ್ ಕೈಯಲ್ಲಿ ಚೆಂಡು, ಮೂರನೇ ಯತ್ನ, 11 ಗಜ ಬೇಕು. ಸಿಗದಿದ್ದರೆ ಚೆಂಡು ಒದ್ದು ಅವರಿಗೆ ಕೊಡಬೇಕು. ಟಿವಿಯಲ್ಲಿ ಆಟಗಾರರು ಇನ್ನೂ ಸಾಲಾಗಿ ನಿಲ್ಲುತ್ತಿದ್ದರು. ರೇಡಿಯೋದಲ್ಲಿ ಕೀಲ್ಸ್ ದನಿ ಒಮ್ಮೆಲೇ ಮೇಲೇರಿತು, ಜೆರೆಮಾಯಾ ಸ್ಮಿತ್ ಹೆಸರು ಕೇಳಿತು, ಲಶೇ ಕಿರುಚಿದ. ಚಿತ್ರದಲ್ಲಿ ಏನೂ ಆಗಿಲ್ಲ! ನಾವು ಅಪ್ಪಿಕೊಂಡು ಕುಣಿಯುತ್ತಿರುವಾಗ ಪರದೆಯ ಮೇಲೆ ಹೋವರ್ಡ್ ನಿಧಾನಕ್ಕೆ ಹಿಂದೆ ಸರಿದು ಚೆಂಡು ಎತ್ತಿ ಎಸೆದ. ಮೊದಲ ವರ್ಷದ ಹುಡುಗ ಸ್ಮಿತ್ ಅದನ್ನು ಹಿಡಿದ. 56 ಗಜ. ನನ್ನ ಹೆಂಡತಿ ಮಾತ್ರ ಕುಣಿಯದೆ ಪರದೆ ನೋಡುತ್ತ ನಿಂತಿದ್ದಳು. "ಗೊತ್ತಾದ ಮೇಲೆ ನೋಡೋದ್ರಲ್ಲಿ ಏನ್ರೀ ಮಜಾ," ಅಂದಳು. ಅವಳು ಹೇಳಿದ್ದು ಸರಿ. ಈ ಊರಿನ ಅತ್ಯಂತ ದೊಡ್ಡ ಗಳಿಗೆಯೊಂದನ್ನು, ಒಬ್ಬ ಮನುಷ್ಯನ ಮೇಲಿನ ಸಿಟ್ಟಿಗೆ, ನಾವು ಹಳಸಿದ ಮೇಲೆ ನೋಡಿದೆವು.

34–23. 2014ರ ಋತುವಿನ ನಂತರ ಮೊದಲ ಕಿರೀಟ. ಗೆದ್ದ ಮೇಲೆ ಯಜಮಾನರು ಉದಾರಿಗಳಾದರು, ರೇಡಿಯೋ ಆರಿಸಿ ಟಿವಿಗೆ ದನಿ ಕೊಟ್ಟರು. ಪಂದ್ಯೋತ್ತರ ಚರ್ಚೆಯಲ್ಲಿ ಹರ್ಬ್‌ಸ್ಟ್ರೀಟ್ ಕಂಡ. ಮಿಷಿಗನ್ ಸೋಲಿನ ನಂತರ ಈ ಹುಡುಗರು, ಈ ಕೋಚ್ ಏನೆಲ್ಲ ಅನುಭವಿಸಿದರು ಎಂದು ಹೇಳಹೊರಟವನ ಗಂಟಲು ಕಟ್ಟಿತು, ಕಣ್ಣಲ್ಲಿ ನೀರು. 55 ವರ್ಷದ ಗಂಡಸು, ದೇಶವೆಲ್ಲ ನೋಡುವಾಗ.

ನಾನು ಯಜಮಾನರ ಮುಖ ನೋಡಿದೆ. ಸ್ವಲ್ಪವಾದರೂ ಕರಗಿಯಾರು ಎಂಬ ಆಸೆ.

"ಈಗ ಅಳ್ತಾನೆ," ಅಂದರು, ಕೊನೆಯ ಬಕ್‌ಐ ಕ್ಯಾಂಡಿ ಬಾಯಿಗೆ ಹಾಕಿಕೊಳ್ಳುತ್ತ. ಮರುದಿನ ಆಫೀಸಿನ ತೆಲುಗು ಹುಡುಗನೂ ಅದೇ ವಿಡಿಯೋ ತೋರಿಸಿದ: "ನೋಡಿದ್ರಾ ನಿಮ್ಮ ವಕೀಲರನ್ನ?"

2025ರ ಆಗಸ್ಟ್ 30ಕ್ಕೆ ಹೊಸ ಋತುವಿನ ಮೊದಲ ದೊಡ್ಡ ಪಂದ್ಯ, ಟೆಕ್ಸಸ್ ಇಲ್ಲಿಗೇ ಬಂದಿತ್ತು. ಗೇಮ್‌ಡೇ ಕೂಡ ಇಲ್ಲಿಂದಲೇ, ಏಕೆಂದರೆ ಅಂದು ಲೀ ಕೋರ್ಸೊ ಅವರ ಕೊನೆಯ ಕಾರ್ಯಕ್ರಮ. 1996ರಲ್ಲಿ ಆ ಹಿರಿಯರು ಗೆಲ್ಲುವ ತಂಡದ ಗೊಂಬೆಯ ತಲೆ ತೊಡುವ ಪದ್ಧತಿ ಶುರು ಮಾಡಿದ್ದು ಇದೇ ಊರಿನಲ್ಲಿ, ಕೊನೆಯ ದಿನವೂ ಓಹಾಯೋದ ಬ್ರೂಟಸ್ ತಲೆಯನ್ನೇ ತೊಟ್ಟರು. ಪಕ್ಕದಲ್ಲಿ ಹರ್ಬ್‌ಸ್ಟ್ರೀಟ್. ಯಜಮಾನರು ಅಂದು ಕಾರ್ಯಕ್ರಮವನ್ನು ದನಿಸಮೇತ ನೋಡಿದರು, ಕೋರ್ಸೊಗೋಸ್ಕರ ಎಂದು ಸ್ಪಷ್ಟಪಡಿಸಿದರು.

ಮಧ್ಯಾಹ್ನದ ಪಂದ್ಯ ಮಾತ್ರ ಫಾಕ್ಸ್‌ನದು. ಕಾಮೆಂಟರಿಗೆ ಜೋಲ್ ಕ್ಲಾಟ್, ಕೊಲೊರಾಡೋದ ಹಳೆಯ ಕ್ವಾರ್ಟರ್‌ಬ್ಯಾಕ್. ಮೊದಲ ಸುತ್ತು ಮುಗಿಯುವುದಕ್ಕೂ ಮುಂಚೆ ಯಜಮಾನರು ಕುರ್ಚಿಯಲ್ಲಿ ಅತ್ತಿತ್ತ ಹೊರಳಾಡಿದರು.

"ಇವನಿಗೆ ನಮ್ಮ ತಂಡದ ಬಗ್ಗೆ ಏನು ಗೊತ್ತು? ಹರ್ಬ್‌ಸ್ಟ್ರೀಟ್ ಆಗಿದ್ರೆ ಆಗಲೇ ಹೇಳ್ತಿದ್ದ, ಎಡಗಡೆ ಸಾಲು ಸಡಿಲ ಬಿದ್ದಿದೆ ಅಂತ."

ಅವರ ಹೆಂಡತಿ ರಿಮೋಟ್ ಎತ್ತಿ ಅವರ ಕೈಗೇ ಕೊಟ್ಟರು.